ಐದು ನಕ್ಷತ್ರದ ಗವಾಹಿ

ಎರಡು ವರ್ಷದ ಹಿಂದೆ ಕಥಾಗೋಷ್ಠಿಯೊಂದಕ್ಕೆ ಮೈಸೂರಿಗೆ ಹೋದವನು ಒಂದು ಲಾಡ್ಜಿನಲ್ಲಿ ತಂಗಿದ್ದೆ. ಬೆಳಿಗ್ಗೆ ನಲ್ಲಿಯಲ್ಲಿ ಬಿಸಿನೀರು ಬರಲಿಲ್ಲ. ರೂಮ್ ಬಾಯ್ ಬಕೆಟ್ಟಿನಲ್ಲಿ ತಂದಿಟ್ಟು, 'ಐದು ಸ್ಟಾರ್ ಕೊಡಿ ಸಾರ್, ಇಲ್ಲಾಂದ್ರೆ ಮ್ಯಾನೇಜರ್ ನನ್ನನ್ನೇ ಬೈತಾರೆ' ಎಂದ. ಊರು ಸೇರುವಷ್ಟರಲ್ಲಿ ಬುಕಿಂಗ್ ಕಂಪನಿಯ ಸಂದೇಶವೂ ಬಂತು: ಅನಿಸಿಕೆ ಬರೆಯಿರಿ, ಮುಂದಿನ ಪ್ರಯಾಣಕ್ಕೆ ಪಾಯಿಂಟ್ ಗಳಿಸಿರಿ. 'ಎಲ್ಲವೂ ಬಹಳ ಚೆನ್ನಾಗಿದೆ' ಎಂದು ಬರೆದೆ. 'ವೆರಿಫೈಡ್' ಎಂಬ ಮುದ್ರೆಯೂ ಬಿತ್ತು.

ಅದನ್ನು ನಂಬಿ ನನ್ನ ಸೋದರಮಾವನ ಮಗ ತನ್ನ ವಯಸ್ಸಾದ ತಾಯಿಯನ್ನು ಅಲ್ಲಿಗೇ ಕರೆದುಕೊಂಡು ಹೋದ. ಡಿಸೆಂಬರ್ ಚಳಿ. ಫಜ್ರ್ ಹೊತ್ತಿಗೆ ಬಕೆಟ್ ತರುವವರೂ ಇರಲಿಲ್ಲ. ಮುಮಾನಿ ತಣ್ಣೀರಿನಲ್ಲೇ ವುಝೂ ಮಾಡಿದರಂತೆ. 'ನೀವೇ ಬರೆದದ್ದಲ್ವಾ ಭಾಯಿ?' ಎಂದು ಅವನು ಕೇಳಿದಾಗ ನಾನು ತಲೆ ತಗ್ಗಿಸಿದೆ.

'ವೆರಿಫೈಡ್' ಎಂದರೆ ಬರೆದವನು ಅಲ್ಲಿ ತಂಗಿದ್ದು ನಿಜ ಎಂದಷ್ಟೇ ಅರ್ಥ. ಬರೆದದ್ದು ನಿಜ ಎಂದಲ್ಲ. ಮುದ್ರೆಯಿಂದ ಪ್ರಯೋಜನವಿಲ್ಲ ಎನ್ನಲಾರೆ. 2017ರಲ್ಲಿ ಲಂಡನ್ನಿನ ಬರಹಗಾರನೊಬ್ಬ ತಾನು ವಾಸವಿದ್ದ ಶೆಡ್ಡನ್ನೇ ರೆಸ್ಟೋರೆಂಟೆಂದು ನಂಬಿಸಿ, ಸುಳ್ಳು ವಿಮರ್ಶೆಗಳಿಂದಲೇ ಟ್ರಿಪ್‌ಅಡ್ವೈಸರ್‌ನಲ್ಲಿ ಆ ನಗರದ ಮೊದಲ ಸ್ಥಾನಕ್ಕೇರಿಸಿದ್ದ. ಹೋಗದವನ ಸುಳ್ಳನ್ನು ಮುದ್ರೆ ತಡೆದೀತು. ಹೋಗಿಬಂದವನ ಸುಳ್ಳನ್ನು ತಡೆಯುವವರು ಯಾರು?

ಹೊಗಳಿದರೂ ತೆಗಳಿದರೂ ಪಾಯಿಂಟ್ ಒಂದೇ ಎಂಬುದು ಕಂಪನಿಗಳ ಸಮರ್ಥನೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದ ನಿಯಮವೂ ಹೀಗೆಯೇ ಬರೆಯಬೇಕೆಂಬ ಷರತ್ತಿನ ಪ್ರತಿಫಲವನ್ನು ನಿಷೇಧಿಸಿತೇ ಹೊರತು ಎಲ್ಲ ಪ್ರತಿಫಲವನ್ನಲ್ಲ. ನಮ್ಮ ಬಿಐಎಸ್ 2022ರಲ್ಲಿ ಇಂಥ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಾಗ ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೇ ಬಿಟ್ಟ ವಿಷಯವಾಗಿತ್ತು. ಆದರೆ ಪಾಯಿಂಟಿಗಾಗಿ ಬರೆಯುವವನಿಗೆ ಬೇಗ ಮುಗಿಸುವ ಆತುರ. ದೂರು ಬರೆಯಲು ನೆನಪು ಬೇಕು, ವಿವರ ಬೇಕು. ಹೊಗಳಿಕೆಗೆ ಎರಡು ಸಾಲು ಸಾಕು. ಜೊತೆಗೆ ಆ ಹುಡುಗನ ಮುಖ ಬೇರೆ ನೆನಪಾಗುತ್ತದೆ. ಕೆಟ್ಟ ಗೀಸರಿನ ಹೊಣೆ ಮಾಲೀಕನದು. ಬೈಗುಳ ಮಾತ್ರ ಹುಡುಗನ ಪಾಲಿಗೆ. ಇದು ಯಾವ ನ್ಯಾಯ?

ಕೋರ್ಟಿನ ಮುಂದೆ ಕಾಸಿಗೆ ಗವಾಹಿ ಹೇಳುವವನನ್ನು ಕಂಡರೆ ನಮಗೆ ಹೇಸಿಗೆ. ಪಾಯಿಂಟಿಗೆ ಸಾಕ್ಷಿ ಹೇಳಿದ ನಾವು ಅವನಿಗಿಂತ ಎಷ್ಟು ಮೇಲು? ಪ್ರತಿಫಲ ಪಡೆದು ಬರೆದ ಪ್ರತಿಯೊಂದು ವಿಮರ್ಶೆಯ ನೆತ್ತಿಯ ಮೇಲೆ ಆ ವಿಷಯವನ್ನು ನಮೂದಿಸುವುದು ಕಡ್ಡಾಯವಾಗಲಿ. ಅಲ್ಲಿಯವರೆಗೆ ಪಾಯಿಂಟಿನ ಆಸೆ ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆಯೋಣ. ನಾನು ಆ ಹಳೆಯ ಹೊಗಳಿಕೆಯನ್ನು ಅಳಿಸಿದ್ದೇನೆ. ಮುಮಾನಿಗೆ ಕೊಟ್ಟ ತಣ್ಣೀರನ್ನು ಮಾತ್ರ ಅಳಿಸಲಾಗದು.