ದಾರಿ ಕಾಯುವವರು ಯಾರು? ಬುಷೆಹರ್-ಶಿರಾಜ್ ಮಾರ್ಗ ಮತ್ತು ‘ಭದ್ರತೆ’ ಎಂಬ ಪದ

ವಸಾಹತು ಕಾಲದ ಆಡಳಿತ ವರದಿಗಳಲ್ಲಿ ಅತ್ಯಂತ ನಿರುಪದ್ರವಿಯಾಗಿ ಕಾಣುವ ಪದ ‘ಭದ್ರತೆ’. ಅದನ್ನು ವಿರೋಧಿಸುವವರು ಯಾರೂ ಇರಲಾರರು. ವರ್ತಕನಿಗೂ ರೈತನಿಗೂ ಯಾತ್ರಿಕನಿಗೂ ಅದು ಬೇಕು. ಆದರೆ ಈ ಪದ ವ್ಯಾಕರಣದಲ್ಲಿ ಒಂಟಿಯಾಗಿ ನಿಲ್ಲುವಂಥದಲ್ಲ. ಅದು ಸದಾ ವಿಭಕ್ತಿಗಳನ್ನು ಬೇಡುತ್ತದೆ. ಯಾರಿಗೆ ಭದ್ರತೆ? ಯಾರಿಂದ? ಯಾರ ಖರ್ಚಿನಲ್ಲಿ? ವರದಿಗಳು ಈ ವಿಭಕ್ತಿಗಳನ್ನು ಲೋಪ ಮಾಡಿ ಬರೆಯುತ್ತವೆ. ಆ ಲೋಪವನ್ನು ತುಂಬಿಕೊಂಡು ಓದುವುದು ಸಂಶೋಧಕನ ಮೊದಲ ಕರ್ತವ್ಯ. ಇದಕ್ಕೆ ದಕ್ಷಿಣ ಪರ್ಷಿಯದ ಫಾರ್ಸ್ ಪ್ರಾಂತ್ಯದ ಬುಷೆಹರ್-ಶಿರಾಜ್ ಮಾರ್ಗಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಬುಷೆಹರ್ ಪರ್ಷಿಯನ್ ಕೊಲ್ಲಿಯ ಬಂದರು. ಅಲ್ಲಿಂದ ಹೊರಟ ಹೇಸರಗತ್ತೆಗಳ ಸಾರ್ಥವು ಬೊರಾಜ್‌ಜಾನ್, ದಾಲಕಿ, ಕಾಜೆರೂನ್, ದಶ್ತ್-ಎ-ಅರ್ಜನ್‌ಗಳನ್ನು ದಾಟಿ, ‘ಕೊತಲ್’ ಎಂದು ಕರೆಯುವ ಕಡಿದಾದ ಕಣಿವೆದಾರಿಗಳನ್ನು ಏರಿ ಶಿರಾಜನ್ನು ಸೇರಬೇಕು. ಕರೀಂ ಖಾನ್ ಜಂದ್‌ನ ಕಾಲದಲ್ಲಿ, 1763ರಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ಇಲ್ಲಿ ವ್ಯಾಪಾರ ಕೋಠಿಯನ್ನು ತೆರೆಯುವ ಅವಕಾಶ ದೊರೆಯಿತು. ಕೋಠಿ ಕ್ರಮೇಣ ರೆಸಿಡೆನ್ಸಿಯಾಯಿತು. ಬುಷೆಹರ್ ಎಂದೂ ಬ್ರಿಟಿಷ್ ವಸಾಹತುವಾಗಲಿಲ್ಲ. ಅಲ್ಲಿ ಷಾ ನೇಮಿಸಿದ ರಾಜ್ಯಪಾಲನೇ ಇದ್ದ. ಆದರೆ ಅದೇ ಊರಿನ ರೆಸಿಡೆಂಟ್ ಮೊದಲು ಮುಂಬಯಿ ಸರ್ಕಾರಕ್ಕೆ, 1873ರಿಂದ ಭಾರತ ಸರ್ಕಾರಕ್ಕೆ ಉತ್ತರದಾಯಿಯಾಗಿದ್ದು, ಇಡೀ ಕೊಲ್ಲಿಯ ವ್ಯವಹಾರಗಳನ್ನು ನಿಯಂತ್ರಿಸುತ್ತಿದ್ದ.

ಕನ್ನಡ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ವ್ಯವಸ್ಥೆಯನ್ನು ರೂಪಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆಗೆ ಕಾರ್ಯದರ್ಶಿಯಾಗಿದ್ದವನು ಜಾನ್ ಮಾಲ್ಕಂ. ಅದೇ ವರ್ಷದ ಕೊನೆಯಲ್ಲಿ ವೆಲ್ಲೆಸ್ಲಿ ಅವನನ್ನೇ ಪರ್ಷಿಯದ ರಾಯಭಾರಿಯಾಗಿ ಕಳುಹಿಸಿದ. 1800ರ ಆರಂಭದಲ್ಲಿ ಮಾಲ್ಕಂ ಇಳಿದದ್ದು ಬುಷೆಹರ್ ಬಂದರಿನಲ್ಲಿ. ಮುಂದೆ ಮೈಸೂರಿನ ರೆಸಿಡೆಂಟ್ ಹುದ್ದೆಗೆ ನೇಮಕಗೊಂಡವನೂ, ಪರ್ಷಿಯದ ಇತಿಹಾಸವನ್ನು ಬರೆದವನೂ ಅವನೇ. ಸಿಂಹಾಸನವನ್ನು ದೇಶೀಯರಿಗೆ ಬಿಟ್ಟು ಅದರ ಸುತ್ತಲಿನ ಸೂತ್ರಗಳನ್ನು ಹಿಡಿಯುವ ವಿದ್ಯೆ ಕಾವೇರಿಯ ದಡದಲ್ಲೂ ಕೊಲ್ಲಿಯ ದಡದಲ್ಲೂ ಬಹುಮಟ್ಟಿಗೆ ಒಂದೇ ಆಗಿತ್ತು.

ಮಾರ್ಗರಕ್ಷಣೆಯ ಹಳೆಯ ಕ್ರಮವನ್ನು ಮೊದಲು ಗಮನಿಸಬೇಕು. ದಾರಿಯ ಒಂದೊಂದು ತುಂಡಿನ ಹೊಣೆ ಆಯಾ ಪ್ರದೇಶದ ಖಾನನದು ಅಥವಾ ಊರ ಮುಖ್ಯಸ್ಥನದು. ಅವನ ತುಫಂಗ್‌ಚಿಗಳು, ಎಂದರೆ ಬಂದೂಕುಧಾರಿ ಕಾವಲುಗಾರರು, ಠಾಣ್ಯಗಳಲ್ಲಿ ಕುಳಿತು ಸಾರ್ಥಗಳಿಂದ ‘ರಾಹದಾರಿ’ ಎಂಬ ಸುಂಕವನ್ನು ವಸೂಲಿ ಮಾಡುತ್ತಿದ್ದರು. ಆ ಮೇರೆಯೊಳಗೆ ಕಳವಾದರೆ ಆ ಮುಖ್ಯಸ್ಥನೇ ಹೊಣೆ. ಈ ಕ್ರಮ ಆದರ್ಶವಾಗಿತ್ತೆಂದು ಯಾರೂ ಹೇಳಲಾರರು. ಸುಂಕಕ್ಕೆ ಮಿತಿಯಿರಲಿಲ್ಲ. ಕಾವಲುಗಾರನಿಗೆ ಕೂಲಿ ಸಿಗದ ವರ್ಷ ಬೇಲಿಯೇ ಎದ್ದು ಹೊಲವನ್ನು ಮೇಯುತ್ತಿತ್ತು. ಖಷ್ಕಾಯಿ ಅಲೆಮಾರಿಗಳು ಋತುಮಾನಕ್ಕನುಗುಣವಾಗಿ ಮಂದೆಗಳೊಡನೆ ವಲಸೆ ಹೋಗುವಾಗ ದಾರಿ ತಲ್ಲಣಿಸುತ್ತಿತ್ತು. ಅವರ ಬಲವನ್ನು ಸರಿದೂಗಿಸಲೆಂದು 1860ರ ದಶಕದ ಆರಂಭದಲ್ಲಿ ಶಿರಾಜಿನ ಖವಾಮ್ ಮನೆತನದ ನೇತೃತ್ವದಲ್ಲಿ ಖಂಸೆ ಎಂಬ ಐದು ಬುಡಕಟ್ಟುಗಳ ಒಕ್ಕೂಟವನ್ನು ಕಟ್ಟಿದ್ದೂ ಹೊಸ ವೈರಕ್ಕೆ ದಾರಿಮಾಡಿತು. ಆದರೂ ಈ ಕ್ರಮದಲ್ಲಿ ಒಂದು ಗುಣವಿತ್ತು: ದಾರಿ ಕೆಟ್ಟರೆ ಯಾರ ಬಾಗಿಲನ್ನು ತಟ್ಟಬೇಕೆಂಬುದು ಪ್ರತಿಯೊಬ್ಬ ಹೇಸರಗತ್ತೆಯವನಿಗೂ ಗೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೊಣೆಗಾರಿಕೆಯ ಎಳೆಗಳು ಒಂದೊಂದಾಗಿ ಕಳಚಿಕೊಂಡವು. 1856ರ ಡಿಸೆಂಬರಿನಲ್ಲಿ ಭಾರತದಿಂದ ಹೋದ ಸೇನೆ ಬುಷೆಹರನ್ನು ವಶಪಡಿಸಿಕೊಂಡಿತು. ಮರುವರ್ಷದ ಪ್ಯಾರಿಸ್ ಒಪ್ಪಂದದ ನಂತರ ಹಿಂದಿರುಗಿತು. 1860ರ ದಶಕದಲ್ಲಿ ಲಂಡನ್ ಮತ್ತು ಭಾರತಗಳನ್ನು ಬೆಸೆಯುವ ತಂತಿಮಾರ್ಗ ಇದೇ ದಾರಿಯಲ್ಲಿ ಹಾದುಹೋಯಿತು. ಅಂದಿನಿಂದ ದಾರಿಯ ಮೇಲಿನ ಪ್ರತಿಯೊಂದು ಗಲಭೆಯೂ ಸಾಮ್ರಾಜ್ಯದ ಚಿಂತೆಯಾಯಿತು. ಬಂದರಿನ ಕ್ವಾರಂಟೈನ್ ರೆಸಿಡೆನ್ಸಿಯ ವೈದ್ಯನ ಕೈಸೇರಿತು. ಸುಂಕದ ಕಟ್ಟೆ ಬೆಲ್ಜಿಯನ್ ಅಧಿಕಾರಿಗಳ ಕೈಸೇರಿತು. ಸುಂಕದ ಆದಾಯ ವಿದೇಶಿ ಸಾಲಗಳಿಗೆ ಒತ್ತೆಯಾಯಿತು. ಬ್ರಿಟಿಷ್ ಪ್ರಜೆಗಳ ಮೇಲಿನ ವ್ಯಾಜ್ಯಗಳು ಸ್ಥಳೀಯ ನ್ಯಾಯಾಧಿಕಾರದ ಹೊರಗಿದ್ದವು. ಕೊಲ್ಲಿಯ ಬಂದರುಗಳ ಮೂಲಕ ಬಂದಿಳಿದ ಐರೋಪ್ಯ ಬಂದೂಕುಗಳು ಬುಡಕಟ್ಟುಗಳ ಕೈಗೆ ಸುಲಭವಾಗಿ ಸಿಕ್ಕವು. ಆ ಲಾಭದಲ್ಲಿ ಬ್ರಿಟಿಷ್ ವರ್ತಕರ ಪಾಲೂ ಇತ್ತು. ರಾಜ್ಯಪಾಲನಿಗೆ ಉಳಿದದ್ದು ಹೊಣೆ ಮಾತ್ರ. ಹೊಣೆಯನ್ನು ನಿರ್ವಹಿಸುವ ಸಾಧನಗಳು ಅವನಲ್ಲಿರಲಿಲ್ಲ. ಕೈಕಟ್ಟಿಸಿದ ಮೇಲೆ ಈಜಲಾರನೆಂದು ದೂರಿದಂತಾಯಿತು.

ಆ ದೂರು ಬಂದದ್ದು 1910ರ ಅಕ್ಟೋಬರಿನಲ್ಲಿ. ಮೂರು ತಿಂಗಳೊಳಗೆ ದಕ್ಷಿಣದ ಮಾರ್ಗಗಳಲ್ಲಿ ಸುವ್ಯವಸ್ಥೆ ನೆಲೆಗೊಳ್ಳದಿದ್ದರೆ ಭಾರತೀಯ ಸೇನೆಯ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ 1,000ದಿಂದ 1,200 ಜನರ ಕಾವಲುಪಡೆಯನ್ನು ಕಟ್ಟುವುದಾಗಿಯೂ, ಅದರ ವೆಚ್ಚಕ್ಕೆ ದಕ್ಷಿಣದ ಬಂದರುಗಳ ಸುಂಕದ ಮೇಲೆ ಹೆಚ್ಚುವರಿ ತೆರಿಗೆಯನ್ನು ಬಳಸುವುದಾಗಿಯೂ ಬ್ರಿಟನ್ ಎಚ್ಚರಿಸಿತು. ಆಗ ಸಾಂವಿಧಾನಿಕ ಕ್ರಾಂತಿಯಿಂದ ಹುಟ್ಟಿದ ಪರ್ಷಿಯದ ಸರ್ಕಾರ ಇನ್ನೂ ಎಳೆಯದಾಗಿತ್ತು. 1907ರ ಆಂಗ್ಲೋ-ರಷ್ಯನ್ ಒಪ್ಪಂದ ದೇಶವನ್ನು ಪ್ರಭಾವವಲಯಗಳಾಗಿ ಹಂಚಿಕೊಂಡಿತ್ತು. ಬುಷೆಹರ್ ಮತ್ತು ಶಿರಾಜ್ ಆ ನಕ್ಷೆಯಲ್ಲಿ ಬ್ರಿಟಿಷ್ ವಲಯದಲ್ಲಿರಲಿಲ್ಲ, ತಟಸ್ಥ ವಲಯದಲ್ಲಿದ್ದವು ಎಂಬುದು ಗಮನಾರ್ಹ. ಖಜಾನೆಯನ್ನು ಸರಿಪಡಿಸಲು ಬಂದ ಅಮೆರಿಕದ ಮಾರ್ಗನ್ ಶುಸ್ಟರ್ ತೆರಿಗೆ ವಸೂಲಿಗೆ ಸ್ವಂತ ಪಡೆಯನ್ನು ಕಟ್ಟಲು ಹೊರಟಾಗ, 1911ರ ಕೊನೆಯಲ್ಲಿ ರಷ್ಯದ ಅಂತಿಮ ಎಚ್ಚರಿಕೆಗೆ ಬಲಿಯಾದ. ಅದೇ ವರ್ಷ ಭಾರತೀಯ ಅಶ್ವದಳದ ತುಕಡಿಗಳು ಶಿರಾಜಿಗೆ ಬಂದವು. ಅವು ದಾರಿಯನ್ನು ಸುರಕ್ಷಿತಗೊಳಿಸುವ ಬದಲು ತಾವೇ ದಾಳಿಗೆ ಗುರಿಯಾದವು.

ಇದರ ನಡುವೆ ಒಂದು ಬೇರೆ ಸಾಧ್ಯತೆಯೂ ಮೂಡಿತ್ತು. 1911ರಲ್ಲಿ ಸ್ವೀಡಿಷ್ ಅಧಿಕಾರಿಗಳ ತರಬೇತಿಯಲ್ಲಿ ರೂಪುಗೊಂಡ ಸರ್ಕಾರಿ ಜಾಂಡಾರ್ಮೆರಿ ಫಾರ್ಸ್‌ನಲ್ಲಿ ಹಲವು ಠಾಣೆಗಳನ್ನು ಸ್ಥಾಪಿಸಿತು. ಅದಕ್ಕೆ ಬ್ರಿಟನ್ ಹಣವನ್ನೂ ಕೊಟ್ಟಿತು. ಆದರೆ ಮಹಾಯುದ್ಧ ಆರಂಭವಾಗಿ ಆ ಪಡೆಯ ಒಲವು ಜರ್ಮನಿಯ ಕಡೆಗೆ ವಾಲಿದೊಡನೆ, ನಿನ್ನೆಯ ಸುವ್ಯವಸ್ಥೆಯ ಪಡೆ ಇಂದಿನ ಅಪಾಯವಾಯಿತು. 1915ರ ನವೆಂಬರಿನಲ್ಲಿ ಜಾಂಡಾರ್ಮೆರಿಯವರೇ ಶಿರಾಜಿನ ಬ್ರಿಟಿಷ್ ಕಾನ್ಸಲನನ್ನು ಸೆರೆಹಿಡಿದರು. ಅದಕ್ಕೆ ಮೊದಲೇ, ಜುಲೈಯಲ್ಲಿ ತಂಗಿಸ್ತಾನಿಗಳ ದಾಳಿಯಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸತ್ತ ನಂತರ, ಆಗಸ್ಟಿನಲ್ಲಿ ಬುಷೆಹರನ್ನು ಬ್ರಿಟಿಷ್ ಸೇನೆ ಆಕ್ರಮಿಸಿತ್ತು. ಪರ್ಷಿಯದ ಅಂಚೆಚೀಟಿಗಳ ಮೇಲೆ ‘ಬ್ರಿಟಿಷ್ ಆಕ್ರಮಣದಲ್ಲಿರುವ ಬುಷೆಹರ್’ ಎಂಬ ಅರ್ಥದ ಮುದ್ರೆ ಬಿತ್ತು. ದಿಲ್ವಾರ್ ಎಂಬ ಕರಾವಳಿ ಹಳ್ಳಿಯ ಮುಖ್ಯಸ್ಥ ರಾಯೀಸ್ ಅಲಿ ಇದರ ವಿರುದ್ಧ ಹೋರಾಡಿ ಸೆಪ್ಟೆಂಬರಿನ ಆರಂಭದಲ್ಲಿ ಮಡಿದ. ಬ್ರಿಟಿಷರ ಕಣ್ಣಿನಲ್ಲಿ ಶಾಂತಿಭಂಜಕನಾಗಿದ್ದ ಈತ ಇಂದಿನ ಇರಾನಿನಲ್ಲಿ ರಾಷ್ಟ್ರೀಯ ವೀರ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕಿಂತ, ಯಾವ ಹಂತದಲ್ಲಿ ಮೊದಲನೆಯ ಹೆಸರು ಎರಡನೆಯದಾಯಿತೆಂದು ವಿಚಾರಿಸುವುದು ಹೆಚ್ಚು ಫಲದಾಯಕ.

1916ರ ಮಾರ್ಚಿನಲ್ಲಿ ಪರ್ಸಿ ಸೈಕ್ಸ್ ಬಂದರ್ ಅಬ್ಬಾಸಿನಲ್ಲಿ ಇಳಿದು ‘ದಕ್ಷಿಣ ಪರ್ಷಿಯ ರೈಫಲ್ಸ್’ ಎಂಬ ಪಡೆಯನ್ನು ಕಟ್ಟಲಾರಂಭಿಸಿದ. ಸೈನಿಕರು ಪರ್ಷಿಯದವರು, ಮೇಲಧಿಕಾರಿಗಳು ಬ್ರಿಟಿಷರು, ವೆಚ್ಚ ಬ್ರಿಟನ್ ಮತ್ತು ಭಾರತ ಸರ್ಕಾರಗಳದು. ಪಡೆಯ ಗುರಿ ಸುಮಾರು 11,000 ಜನ. ಟೆಹರಾನಿನಲ್ಲಿ ಒಂದು ಸಚಿವ ಸಂಪುಟ ಅದನ್ನು ಒಪ್ಪಿದರೆ ಮತ್ತೊಂದು ನಿರಾಕರಿಸುತ್ತಿತ್ತು. ತಾನು ಯಾರ ಸೈನಿಕನೆಂಬ ಪ್ರಶ್ನೆಗೆ ಆ ಪಡೆಯ ಸಿಪಾಯಿಗೆ ಉತ್ತರವಿರಲಿಲ್ಲ. ಆ ಪ್ರಶ್ನೆ 1918ರಲ್ಲಿ ಸಿಡಿಯಿತು. ಸೌಲತುದ್ದೌಲಾನ ನೇತೃತ್ವದಲ್ಲಿ ಖಷ್ಕಾಯಿಗಳು ದಂಗೆಯೆದ್ದಾಗ, ಶಿರಾಜಿನ ಪಶ್ಚಿಮಕ್ಕಿರುವ ಖಾನ್-ಎ-ಜೀನಿಯಾನ್ ಠಾಣೆಯಲ್ಲಿ ಸೈನಿಕರು ತಮ್ಮ ಬ್ರಿಟಿಷ್ ಅಧಿಕಾರಿಗಳನ್ನು ಕೊಂದು ಠಾಣೆಯನ್ನು ಒಪ್ಪಿಸಿದರು. ಅಬಾದೆಯಲ್ಲೂ ಪಡೆ ಒಡೆಯಿತು. ಕೊನೆಗೆ ದಂಗೆ ಅಡಗಿತು. ಆದರೆ ಅಡಗಿಸಿದ್ದು ಭಾರತೀಯ ತುಕಡಿಗಳು ಮತ್ತು ಬುಡಕಟ್ಟು ಮುಖಂಡರ ಒಳಜಗಳ. ರೈಫಲ್ಸ್ ಗಳಿಸಿದ್ದ ಜನವಿಶ್ವಾಸವಲ್ಲ. 1919ರ ಆಂಗ್ಲೋ-ಪರ್ಷಿಯನ್ ಒಪ್ಪಂದಕ್ಕೆ ಮಜ್ಲಿಸಿನ ಅನುಮೋದನೆ ಸಿಗಲೇ ಇಲ್ಲ. 1921ರಲ್ಲಿ ಪಡೆಯನ್ನು ವಿಸರ್ಜಿಸಲಾಯಿತು. ಯುದ್ಧಕಾಲದಲ್ಲಿ ಸೇನೆಯ ಅನುಕೂಲಕ್ಕೆಂದು ಬುಷೆಹರಿನಿಂದ ಬೊರಾಜ್‌ಜಾನಿನ ಕಡೆಗೆ ಹಾಸಿದ್ದ ಚಿಕ್ಕ ರೈಲುಹಳಿಯೂ ಉಳಿಯಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವನ್ನು ಎದುರಿಸಬೇಕು. ಸಾರ್ಥಗಳು ಲೂಟಿಯಾಗುತ್ತಿದ್ದುದು ಸುಳ್ಳಲ್ಲ. ಅದರ ನಷ್ಟ ಮ್ಯಾಂಚೆಸ್ಟರಿನ ಬಟ್ಟೆಯ ಗಿರಣಿಗಿಂತ ಶಿರಾಜಿನ ಅಂಗಡಿಯವನಿಗೂ, ಬಾಡಿಗೆಗೆ ಹೇಸರಗತ್ತೆ ಹೊಡೆಯುವ ಬಡವನಿಗೂ ಹೆಚ್ಚು ತಟ್ಟುತ್ತಿತ್ತು. ಖಾನರು ಪ್ರಜಾಪೀಡಕರಾಗಿದ್ದುದೂ ಸುಳ್ಳಲ್ಲ. ಹೀಗಿರುವಾಗ ಶಿಸ್ತಿನ ಪಡೆಯೊಂದು ಹೊರಗಿನಿಂದ ಬಂದರೆ ತಪ್ಪೇನು? ತಪ್ಪಿರುವುದು ಪಡೆಯ ಶಿಸ್ತಿನಲ್ಲಲ್ಲ, ಅದರ ಉತ್ತರದಾಯಿತ್ವದ ದಿಕ್ಕಿನಲ್ಲಿ. ಹಳೆಯ ಖಾನ್ ಕೆಟ್ಟವನಾಗಿದ್ದರೂ ಅವನ ವಿರುದ್ಧ ಮೊರೆಯಿಡಲು ರಾಜ್ಯಪಾಲನಿದ್ದ. ರಾಜ್ಯಪಾಲನ ವಿರುದ್ಧ ಟೆಹರಾನಿಗೆ ತಂತಿ ಕಳುಹಿಸಬಹುದಿತ್ತು. ಹೊಸ ಪಡೆಯ ವಿರುದ್ಧ ಮೊರೆಯಿಡಬೇಕಾದ ಬಾಗಿಲು ಸಿಮ್ಲಾದಲ್ಲಿತ್ತು, ಲಂಡನ್ನಿನಲ್ಲಿತ್ತು. ಜಿಲ್ಲೆಯೊಂದು ತನ್ನ ಕಾವಲುಗಾರನನ್ನು ಪ್ರಶ್ನಿಸುವ ಹಕ್ಕನ್ನು ಕಳೆದುಕೊಂಡರೆ ಆ ಕಾವಲು ಎಷ್ಟು ದಕ್ಷವಾದರೂ ಅದು ಆ ಜಿಲ್ಲೆಯದಲ್ಲ.

ಕಡತಗಳು ಹೇಳದ ಈ ಮಾತನ್ನು ಪರ್ಷಿಯನ್ ಸಾಹಿತ್ಯ ಹೇಳಿದೆ. ಬುಷೆಹರಿನಲ್ಲೇ 1916ರಲ್ಲಿ ಹುಟ್ಟಿದ ಸಾದೆಕ್ ಚುಬಕ್‌ನ ‘ತಂಗ್‌ಸೀರ್’ (1963) ಕಾದಂಬರಿಯ ನಾಯಕ ಜಾರ್ ಮೊಹಮ್ಮದ್, ದುಡಿದು ಕೂಡಿಟ್ಟ ಹಣವನ್ನು ಊರಿನ ಪ್ರಮುಖರು ನುಂಗಿದಾಗ ನ್ಯಾಯಕ್ಕಾಗಿ ಅಲೆದು, ಸಿಗದೆ, ಬಂದೂಕನ್ನು ಕೈಗೆತ್ತಿಕೊಳ್ಳುತ್ತಾನೆ. ಸಿಮಿನ್ ದಾನೆಶ್ವರ್ ಅವರ ‘ಸವೂಶೂನ್’ (1969) ಎರಡನೆಯ ಮಹಾಯುದ್ಧ ಕಾಲದ ಶಿರಾಜಿನ ಕಥೆ. ಅಲ್ಲಿಯ ಯೂಸುಫ್ ತನ್ನ ರೈತರ ಧಾನ್ಯವನ್ನು ವಿದೇಶಿ ಸೇನೆಗೆ ಮಾರಲು ಒಪ್ಪದೆ ಪ್ರಾಣ ಕಳೆದುಕೊಳ್ಳುತ್ತಾನೆ. ಎರಡರಲ್ಲೂ ಅಧಿಕಾರಿಗಳಿದ್ದಾರೆ, ಕಾವಲಿದೆ; ಕೇಳುವ ಕಿವಿ ಮಾತ್ರ ಇಲ್ಲ. ಮೊದಲನೆಯದರಲ್ಲಿ ಶತ್ರುಗಳು ಪರಕೀಯರಲ್ಲ, ಊರಿನವರೇ ಎಂಬುದನ್ನು ಮರೆಯಬಾರದು. ಸ್ಥಳೀಯ ಅನ್ಯಾಯಕ್ಕೆ ಕಣ್ಣುಮುಚ್ಚಿ ಪರಕೀಯರನ್ನಷ್ಟೇ ದೂರುವ ಸುಲಭ ದಾರಿಯನ್ನು ಚುಬಕ್ ಹಿಡಿಯಲಿಲ್ಲ.

ಆದ್ದರಿಂದ ‘ಅರಾಜಕತೆ’ ಎಂಬ ಷರಾ ಕಡತದಲ್ಲಿ ಕಂಡಾಗ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಆ ಷರಾ ಬರೆದವನ ಸಂಬಳ ಎಲ್ಲಿಂದ ಬರುತ್ತಿತ್ತು, ಆ ಪ್ರದೇಶದ ಸುಂಕ ಎಲ್ಲಿಗೆ ಹೋಗುತ್ತಿತ್ತು, ಅಲ್ಲಿ ಬಂದೂಕು ಮಾರಿದವರು ಯಾರು ಎಂದು ವಿಚಾರಿಸಬೇಕು. ಜೊತೆಗೆ, ಆ ಊರಿನವರು ತಮ್ಮ ದಾರಿಯ ಬಗ್ಗೆ ತಮ್ಮ ಭಾಷೆಯಲ್ಲಿ ಏನು ಬರೆದರೆಂದು ಹುಡುಕಬೇಕು. ಮೈಸೂರಿನಲ್ಲೂ ನಗರದ ದಂಗೆಯ ನಂತರ, 1831ರಲ್ಲಿ, ಅವ್ಯವಸ್ಥೆಯ ಹೆಸರಿನಲ್ಲೇ ಆಡಳಿತ ಕೈಬದಲಾಯಿತು; ಅದು ಅರಸರಿಗೆ ಮರಳಲು 50 ವರ್ಷ ಬೇಕಾಯಿತು. ಬುಷೆಹರಿನ ರೆಸಿಡೆನ್ಸಿ 1946ರಲ್ಲಿ ಬಹರೈನಿಗೆ ಸ್ಥಳಾಂತರಗೊಂಡಿತು. ಕೊತಲ್‌ಗಳ ಆ ದಾರಿ ಅಲ್ಲಿಯವರ ಪಾಲಿಗೆ ಉಳಿಯಿತು. ಅದನ್ನು ಕಾಯುವ ಕಷ್ಟವೂ, ಕಾಯುವವನನ್ನು ಪ್ರಶ್ನಿಸುವ ಕಷ್ಟವೂ ಅವರದೇ ಆದವು.