ಪದ್ಯದ ಸಾಲೂ ಗಣಕಯಂತ್ರವೂ

ಭಾಮಿನೀ ಷಟ್ಪದಿಯ ಪದ್ಯವೊಂದನ್ನು ಆರು ಸಾಲುಗಳಾಗಿ ಬೆರಳಚ್ಚಿಸಿ ಎಕ್ಸ್‌ಎಂಎಲ್ ಕಡತದಲ್ಲಿ ಸೇರಿಸಿರಿ. ಅನಂತರ ಅದನ್ನು ಎಚ್‌ಟಿಎಂಎಲ್‌ಗೆ ಪರಿವರ್ತಿಸಿ ಬ್ರೌಸರಿನಲ್ಲಿ ತೆರೆಯಿರಿ. ಅಕ್ಷರವೊಂದೂ ಕಳೆದುಹೋಗಿರುವುದಿಲ್ಲ, ಆದರೆ ಆರು ಸಾಲುಗಳೂ ಒಂದಕ್ಕೊಂದು ಅಂಟಿಕೊಂಡು ಗದ್ಯದಂತೆ ಹರಿದಿರುತ್ತವೆ.

ಪರಿವರ್ತಿಸಿದ ಪ್ರೋಗ್ರಾಮನ್ನು ನಾವು ಮೊದಲು ದೂರುತ್ತೇವೆ. ಪಾಪ, ಅದು ನಿರಪರಾಧಿ. ಸಾಲಿನ ಕೊನೆಯಲ್ಲಿ ಎಂಟರ್ ಕೀಲಿಯನ್ನೊತ್ತಿದಾಗ ಕಣ್ಣಿಗೆ ಕಾಣದ ಸಂಕೇತವೊಂದು ಕಡತದಲ್ಲಿ ದಾಖಲಾಗುತ್ತದೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 10. ಕೆಲವು ಗಣಕಗಳು ಅದರ ಮುಂಚೆ 13ನೆಯ ಸಂಕೇತವನ್ನೂ ಸೇರಿಸುತ್ತವೆ. ಅದು ಬೆರಳಚ್ಚು ಯಂತ್ರದ ಕಾಲದಿಂದ ಉಳಿದುಬಂದ ಪದ್ಧತಿ. ಈ ಜೋಡಿಯನ್ನು ಒಂದೇ 10 ಎಂದು ಓದಿಕೊಳ್ಳಬೇಕೆಂದು 1998ರ ಎಕ್ಸ್‌ಎಂಎಲ್ ನಿಯಮಾವಳಿ ವಿಧಿಸುತ್ತದೆ. ಆ 10 ಸಾಮಾನ್ಯವಾಗಿ ಎಚ್‌ಟಿಎಂಎಲ್‌ವರೆಗೂ ಸುರಕ್ಷಿತವಾಗಿಯೇ ತಲಪುತ್ತದೆ. ಬ್ರೌಸರ್ ಮಾತ್ರ ಅದನ್ನು ಬರಿಯ ತೆರಪೆಂದು ಬಗೆದು, ಪರದೆಯ ಅಗಲಕ್ಕೆ ತಕ್ಕಂತೆ ತನಗೆ ಬೇಕಾದೆಡೆ ಸಾಲನ್ನು ಮುರಿಯುತ್ತದೆ. ಗದ್ಯಕ್ಕೆ ಇದು ಮಹೋಪಕಾರ. ಅಂಗೈಯಗಲದ ಮೊಬೈಲಿನಲ್ಲಿ ನಾವು ಲೇಖನಗಳನ್ನು ಓದುತ್ತಿರುವುದು ಈ ಏರ್ಪಾಡಿನಿಂದಲೇ.

ಸುಲಭೋಪಾಯಗಳೇನೋ ಇವೆ. ಸಿಎಸ್‌ಎಸ್‌ನ ವೈಟ್-ಸ್ಪೇಸ್ ಗುಣಕ್ಕೆ ಪ್ರಿ-ಲೈನ್ ಎಂದು ಬರೆದರೆ ಬ್ರೌಸರ್ ಸಾಲುಗಳನ್ನು ಗೌರವಿಸುತ್ತದೆ. ಇಲ್ಲವೇ ಪರಿವರ್ತನೆಯ ವೇಳೆ ಪ್ರತಿಯೊಂದು 10ರ ಸ್ಥಾನದಲ್ಲಿಯೂ ಬಿಆರ್ ಎಂಬ ಗುರುತನ್ನಿಡಬಹುದು. ಅಂಚೆ ವಿಳಾಸಕ್ಕೆ ಇಷ್ಟೇ ಸಾಕು. ಪದ್ಯಕ್ಕೆ ಸಾಲದೆಂಬುದು ನನ್ನ ಅಭಿಪ್ರಾಯ.

ಏಕೆಂದರೆ ಈ ಎರಡು ಉಪಾಯಗಳೂ ಕಣ್ಣಿಗೆ ಕಾಣದ ಸಂಕೇತವೊಂದನ್ನೇ ನಂಬಿವೆ. ಕಡತವನ್ನು ಓರಣಗೊಳಿಸಲೆಂದು ಯಾರೋ ಒಂದು ಪ್ರೋಗ್ರಾಮನ್ನು ಓಡಿಸಿದರೆ ಸಾಲುಗಳು ಅದಲುಬದಲಾಗಬಹುದು. ಪದ್ಯವನ್ನು ಎಕ್ಸ್‌ಎಂಎಲ್‌ನ ಗುಣಲಕ್ಷಣದ ಬೆಲೆಯಾಗಿ ಉದ್ಧರಣ ಚಿಹ್ನೆಗಳ ನಡುವೆ ಬರೆದಿದ್ದರಂತೂ, ಓದುವಾಗಲೇ ಸಾಲಿನ ಗುರುತು ತೆರಪಾಗಿ ಮಾರ್ಪಡುತ್ತದೆ. ಮುಂದೆ ಯಾವ ಸಿಎಸ್‌ಎಸ್ ಕೂಡ ಅದನ್ನು ಮರಳಿ ತರಲಾರದು. ಭೌತಶಾಸ್ತ್ರದ ಪರೀಕ್ಷೆಯಲ್ಲಿ 9.8 ಎಂದಷ್ಟೇ ಬರೆದು ಏಕಮಾನವನ್ನು ಓದುವವರ ಊಹೆಗೆ ಬಿಟ್ಟ ವಿದ್ಯಾರ್ಥಿಗೆ ನಾವು ಅಂಕ ಕೊಡುತ್ತೇವೆಯೆ?

ಭಾಮಿನಿಯಲ್ಲಿ ಮೂರನೆಯ ಮತ್ತು ಆರನೆಯ ಪಾದಗಳಿಗೆ 23 ಮಾತ್ರೆಗಳು, ಉಳಿದವಕ್ಕೆ 14. ಪ್ರಾಸವು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಕೂಡಿಬರಬೇಕು. ಪಾದ ಎಲ್ಲಿ ಮೊದಲಾಗುತ್ತದೆಂದು ತಿಳಿಯದೆ ಇವೆರಡನ್ನೂ ಪರೀಕ್ಷಿಸುವುದು ಹೇಗೆ? ಇಲ್ಲಿ ಸಾಲೆಂಬುದು ಕವಿಯ ರಚನೆಯ ಭಾಗವೇ ಹೊರತು ಮುದ್ರಕನ ಅಲಂಕಾರವಲ್ಲ. ಆದ್ದರಿಂದ ಮೂಲ ಕಡತದಲ್ಲಿಯೇ ಪ್ರತಿ ಪಾದಕ್ಕೂ ಪ್ರತ್ಯೇಕ ಗುರುತಿರಬೇಕು. ಗ್ರಂಥಗಳನ್ನು ಗಣಕಕ್ಕೆ ಅಳವಡಿಸಲು ವಿದ್ವಾಂಸರು ರೂಪಿಸಿರುವ ಟಿಇಐ ಪದ್ಧತಿಯಲ್ಲಿ ಪದ್ಯದ ಸಾಲಿಗೆ ಎಲ್, ಸಾಲುಗಳ ಗುಂಪಿಗೆ ಎಲ್‌ಜಿ ಎಂಬ ಗುರುತುಗಳಿವೆ.

ಇದು ಬಹಳ ಶ್ರಮದ ಕೆಲಸವೆಂದು ಕೆಲವರು ಆಕ್ಷೇಪಿಸುತ್ತಾರೆ. ಕುಮಾರವ್ಯಾಸ ಭಾರತದಂಥ ಬೃಹತ್ಕಾವ್ಯಕ್ಕೂ ಇದನ್ನು ಕೈಯಿಂದ ಮಾಡಬೇಕಾಗಿಲ್ಲ. ಕಡತದಲ್ಲಿ ಆ 10 ಕೆಡದೆ ಉಳಿದಿರುವಾಗ ಚಿಕ್ಕದೊಂದು ಪ್ರೋಗ್ರಾಮು ಮಾಡಿಕೊಡುತ್ತದೆ. ಕೆಟ್ಟ ಮೇಲಾದರೆ ಛಂದಸ್ಸು ಬಲ್ಲವರೊಬ್ಬರು ಪದ್ಯ ಪದ್ಯಕ್ಕೂ ಮಾತ್ರೆ ಎಣಿಸುತ್ತ ಕುಳಿತುಕೊಳ್ಳಬೇಕು.