ಹೊಸಬೆಟ್ಟಿನ ಮಣ್ಣಲ್ಲಿ ಮಲಗಿದವರಿಗಾಗಿ

ಪುತ್ತಿಗೆ, ಹೊಸಬೆಟ್ಟು, ತಾಕೊಡೆ, ಸಿದ್ದಕಟ್ಟೆಯ ಬಂಧುಗಳೇ, ಮಳೆ ನಿಂತ ಮೇಲೆ ನಿಮ್ಮ ಇಗರ್ಜಿಯ ಸ್ಮಶಾನದ ಹಿಂದಿನ ಮೂಲೆಗೊಮ್ಮೆ ಹೋಗಿ. ಮುಂದಿನ ಸಾಲಲ್ಲಿ ಗ್ರಾನೈಟ್ ಹೊಳೆಯುತ್ತದೆ. ಹಿಂದೆ, ಪಾಚಿಗಟ್ಟಿದ ಮುರಕಲ್ಲಿನ ಅಕ್ಷರ ಕಣ್ಣಿಗಲ್ಲ, ಬೆರಳಿಗಷ್ಟೇ ಸಿಗುತ್ತದೆ. ಗೆದ್ದಲು ಹಿಡಿದ ಮರದ ಶಿಲುಬೆಯ ಮೇಲೆ ಹೆಸರು ಅರ್ಧಕ್ಕೇ ನಿಂತಿರುತ್ತದೆ. ನಿಮಗೆ ಗೊತ್ತಿಲ್ಲದ್ದೇನಲ್ಲ ಇದು.

ಗೋವೆಯಿಂದ ಬಂದು, ಕೆಳದಿ ಅರಸರ ಕಾಲದಲ್ಲಿ ಇಲ್ಲಿ ಒಕ್ಕಲಾಗಿ, ಗುಡ್ಡ ಕಡಿದು ಗದ್ದೆ ಮಾಡಿ, 1702ರಷ್ಟು ಹಿಂದೆಯೇ ಬಂಟ್ವಾಳದ ಅಗ್ರಾರಿನಲ್ಲಿ ಇಗರ್ಜಿ ಕಂಡ ನಮ್ಮ ಹಿರಿಯರ ಸಂತತಿ, 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ, ಕೂಸುಗಳನ್ನು ಕಂಕುಳಲ್ಲೆತ್ತಿಕೊಂಡು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ದಾರಿಯಲ್ಲಿ ಬಿದ್ದವರಿಗೆ ಗುರುತಿನ ಕಲ್ಲೂ ಇಲ್ಲ. ಬದುಕುಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಕರಾವಳಿಯ ಇಗರ್ಜಿಗಳು ನೆಲಸಮವಾದ ಆ ದಿನಗಳಲ್ಲಿ ಹೊಸಬೆಟ್ಟಿನ ಹೋಲಿ ಕ್ರಾಸ್ ಇಗರ್ಜಿ ಉಳಿದದ್ದು, ಒಂದು ಕಾಲಕ್ಕೆ ಪುತ್ತಿಗೆಯಲ್ಲೇ ರಾಜಧಾನಿ ಇದ್ದ ಚೌಟರ ಆಸರೆಯಿಂದ. ಜೈನ ಅರಸರು ಕಾಯ್ದುಕೊಟ್ಟ ಇಗರ್ಜಿ ಅದು! ನಿಮಗೆ ಗೊತ್ತಿಲ್ಲದ್ದೇನಲ್ಲ ಇದು. ಅನ್ಯರು ಉಳಿಸಿಕೊಟ್ಟದ್ದನ್ನು ನಮ್ಮ ಕೈಯಾರೆ ಕಳೆಯುವುದೇ?

ಸ್ಮಶಾನದಲ್ಲಿ ಜಾಗ ಸಾಲದು, ಹಳೆ ಗುಂಡಿಯನ್ನೇ ಮತ್ತೆ ತೋಡಬೇಕು, ಒಪ್ಪುತ್ತೇನೆ. ಆದರೆ ತೋಡುವ ಮುನ್ನ ಒಂದು ಹೆಸರು ಬರೆದಿಟ್ಟುಕೊಳ್ಳಲು ಎಷ್ಟು ಜಾಗ ಬೇಕು? ಕಾಸಿದ್ದವರಿಗೆ ಶಾಶ್ವತ ಗೋರಿಯಿದೆ. ಗೇಣಿ ಒಕ್ಕಲಿನ ಅಜ್ಜಿಗೆ, ಬಾಣಂತನದಲ್ಲಿ ತೀರಿಕೊಂಡವಳಿಗೆ, ಜ್ಞಾನಸ್ನಾನವಾದ ವಾರಕ್ಕೇ ಹೋದ ಕೂಸಿಗೆ ಆ ಮುರಕಲ್ಲಿನ ತುಂಡು ಬಿಟ್ಟರೆ ಭೂಮಿಯ ಮೇಲೆ ಬೇರೇನೂ ಇಲ್ಲ. ಅದನ್ನೂ ಕಿತ್ತು ಕಾಂಪೌಂಡಿನ ಪಾಯಕ್ಕೆ ಹಾಕಿದರೆ ಅವರು ಯಾರಲ್ಲಿ ದೂರು ಹೇಳಬೇಕು? ನಾಳೆ ಮುಂಬೈಯಿಂದಲೋ ದುಬೈಯಿಂದಲೋ ಮರಿಮಗಳೊಬ್ಬಳು ಗುರುತು ಹುಡುಕಿ ಬಂದರೆ, ಯಾವ ಮಣ್ಣನ್ನು ತೋರಿಸುತ್ತೀರಿ?

ನೀವು ಕಲ್ಲೆದೆಯವರಲ್ಲ. ಮನೆ, ಮದುವೆ, ತೋಟದ ಕೆಲಸಗಳ ನಡುವೆ ಮುಖ ತಿರುಗಿಸಿದ್ದೀರಿ, ಅಷ್ಟೆ. ನವೆಂಬರ್ 2ರ ಮೃತರ ಸ್ಮರಣೆಯ ದಿನ ಹೂವು, ಮೊಂಬತ್ತಿ ಹಿಡಿದು ಹೇಗೂ ಬರುತ್ತೀರಿ. ಈ ಸಲ ಒಂದು ನೋಟ್‌ಬುಕ್ಕೂ ಜೊತೆಗಿರಲಿ. ನಿಮ್ಮವರ ಗೋರಿಗೆ ಸುಣ್ಣ ಬಳಿದ ಮೇಲೆ ಪಕ್ಕದ, ಯಾರೂ ಬಾರದ ಗೋರಿಯ ಹುಲ್ಲು ಕಿತ್ತು ಹೆಸರು ಬರೆದುಕೊಳ್ಳಿ. ಓದಲಾಗದಿದ್ದರೆ ಊರಿನ ಹಿರಿಯರನ್ನು ಕರೆತನ್ನಿ, ಫೋಟೊ ತೆಗೆಯಿರಿ, ಪಟ್ಟಿಯನ್ನು ಧರ್ಮಗುರುಗಳ ಕೈಗೆ ಕೊಡಿ. ಆ ಪಟ್ಟಿ ಮುಗಿಯುವವರೆಗೆ ಒಂದು ಹಳೆ ಕಲ್ಲನ್ನೂ ಕೀಳಲು ಬಿಡಬೇಡಿ.